ಎರಡನೇ ಸಾಲಿನಲ್ಲಿ ಸಿಗುವ ಊರು

ಹೊಸ ಊರಿಗೆ ಹೋದವರು ಮೊದಲು ಬಾಡಿಗೆ ಮನೆ ಹುಡುಕುತ್ತಾರೆ. ಆಮೇಲೆ ಹಾಲು, ತರಕಾರಿ, ಬಸ್ಸಿನ ನಂಬರು. ಒಂದೆರಡು ತಿಂಗಳಲ್ಲಿ ಇವೆಲ್ಲ ಸಿಕ್ಕಿಬಿಡುತ್ತವೆ. ಸಿಗದೆ ಸತಾಯಿಸುವುದು ಊರೊಂದೇ. ವಿಳಾಸ ಬದಲಾದರೂ ಮನಸ್ಸು ಹಳೆಯ ವಿಳಾಸದಲ್ಲೇ ಉಳಿದಿರುತ್ತದೆ. ಹುಬ್ಬಳ್ಳಿಯಿಂದ ಮೈಸೂರಿಗೆ ಓದಲು ಹೋದ ಹುಡುಗನಿಗಾಗಲಿ, ಕುಂದಾಪುರದಿಂದ ಅಮೆರಿಕಕ್ಕೆ ಹೋದ ಹುಡುಗಿಗಾಗಲಿ ಇದು ಗೊತ್ತಿಲ್ಲದ ಸಂಗತಿಯೇನಲ್ಲ.

ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ನದಿ ಕಡಲು ಸೇರುವ ಮುನ್ನ ಬಿಲ್ಲಿನಂತೆ ಬಾಗುವ ಜಾಗದಲ್ಲಿ ನ್ಯೂ ಆರ್ಲಿಯನ್ಸ್ ಎಂಬ ನಗರವಿದೆ. ಆ ಊರಿಗೆ ಹೋದವರಿಗೆ ಈ ಕಷ್ಟ ಸ್ವಲ್ಪ ಕಡಿಮೆ. ಅಲ್ಲಿ ಊರು ತಾನೇ ಬೀದಿಗೆ ಇಳಿದು, ಊದುತ್ತಾ ಬಾರಿಸುತ್ತಾ ಮನೆಯ ಮುಂದೆ ಹಾದುಹೋಗುತ್ತದೆ. ಬೇಕೆನಿಸಿದವರು ಹಿಂದೆ ನಡೆದರಾಯಿತು.

ಹಾಗೆ ನಡೆದು ಅಲ್ಲಿಯವರೇ ಆಗಿಬಿಟ್ಟವರ ಕತೆಗಳು ಆ ಊರಿನಲ್ಲಿ ಹಲವು. ಅವುಗಳಲ್ಲಿ ಒಂದು ಅಲನ್ ಮತ್ತು ಸಾಂಡ್ರಾ ಜಾಫೆ ದಂಪತಿಯದು.

ಅಂಗಡಿಯೊಳಗಿನ ಕಛೇರಿ

1961ರಲ್ಲಿ ಈ ಇಬ್ಬರೂ ಹೊಸದಾಗಿ ಮದುವೆಯಾದವರು. ಊರು ಫಿಲಡೆಲ್ಫಿಯಾ. ಅಲನ್ ವಾರ್ಟನ್ ವಿದ್ಯಾಲಯದಲ್ಲಿ ವ್ಯಾಪಾರ ಶಾಸ್ತ್ರ ಓದಿದ್ದರು. ಟ್ಯೂಬಾ ನುಡಿಸಲೂ ಬರುತ್ತಿತ್ತು. ಮೆಕ್ಸಿಕೋದಲ್ಲಿ ಮಧುಚಂದ್ರ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಇಳಿದರು. ಊರಿನ ಹಳೇಪೇಟೆಯಾದ ಫ್ರೆಂಚ್ ಕ್ವಾರ್ಟರಿನಲ್ಲಿ ವಾದ್ಯಗಾರರ ಬೆನ್ನು ಹತ್ತಿ ಹೋದವರು ತಲುಪಿದ್ದು ಸೇಂಟ್ ಪೀಟರ್ ಬೀದಿಯ 726ನೇ ನಂಬರಿನ ಹಳೆಯ ಕಟ್ಟಡಕ್ಕೆ.

ಅದು ಲ್ಯಾರಿ ಬೋರೆನ್‌ಸ್ಟೈನ್ ಎಂಬವರ ಚಿತ್ರಗಳ ಅಂಗಡಿ. ಲ್ಯಾರಿಗೆ ಹಳೆಯ ಜಾಝ್ ಸಂಗೀತದ ಹುಚ್ಚು. ಆದರೆ ಅಂಗಡಿ ಬಿಟ್ಟು ಕೇಳಲು ಹೋಗುವಂತಿರಲಿಲ್ಲ. ಅದಕ್ಕೆ ವಾದ್ಯಗಾರರನ್ನೇ ಅಂಗಡಿಗೆ ಕರೆಸಿಕೊಳ್ಳತೊಡಗಿದ್ದರು. ಗೋಡೆಯ ತುಂಬ ಚಿತ್ರಗಳು, ನಡುವೆ ಕುರ್ಚಿ ಹಾಕಿಕೊಂಡು ಊದುವ ಮುದುಕರು. ಜಾಫೆ ದಂಪತಿ ಅಂಥ ಸಂಗೀತವನ್ನು ಅಷ್ಟು ಹತ್ತಿರದಿಂದ ಕೇಳಿದ್ದೇ ಇಲ್ಲ. ಊರಿಗೆ ಮರಳುವ ಯೋಚನೆ ಅಲ್ಲಿಗೆ ಮುಗಿಯಿತು. ಅದೇ ವರ್ಷ ಆ ಜಾಗದ ಜವಾಬ್ದಾರಿ ಅವರ ಕೈಗೆ ಬಂತು. ‘ಪ್ರಿಸರ್ವೇಷನ್ ಹಾಲ್’ ಎಂಬ ಹೆಸರು ಇಂದು ಜಗತ್ತಿನ ಜಾಝ್ ರಸಿಕರಿಗೆಲ್ಲ ಪರಿಚಿತ. ಸಂರಕ್ಷಣೆಯ ಮನೆ ಎಂದು ಅದರ ಅರ್ಥ.

ಸಂರಕ್ಷಣೆ ಎಂಬ ಮಾತು ಉತ್ಪ್ರೇಕ್ಷೆಯಾಗಿರಲಿಲ್ಲ. ಆ ಹೊತ್ತಿಗೆ ಜಾಝ್ ಬೇರೆ ಊರುಗಳಲ್ಲಿ ಬೇರೆ ರೂಪ ತಾಳಿತ್ತು. ರಾಕ್ ಅಂಡ್ ರೋಲ್ ಬಂದು ಹರೆಯದವರನ್ನೆಲ್ಲ ಸೆಳೆದಿತ್ತು. ಹುಟ್ಟಿದ ಊರಿನಲ್ಲೇ ಆ ಸಂಗೀತವನ್ನು ಕಟ್ಟಿ ಬೆಳೆಸಿದವರಿಗೆ ಕೆಲಸವಿರಲಿಲ್ಲ. ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್‌ರಂಥ ಕಲಾವಿದರೇ ಒಂದು ಕಾಲದಲ್ಲಿ ಬಂದರಿನಲ್ಲಿ ಮೂಟೆ ಹೊತ್ತು ಬದುಕಿದವರು. ಅಂಥವರಿಗೆ ಈ ಅಂಗಡಿಯಲ್ಲಿ ಮತ್ತೆ ಕುರ್ಚಿ ಸಿಕ್ಕಿತು. ಸಾಂಡ್ರಾ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದರು. ಕೇಳಲು ಬಂದವರು ಕೈಲಾದಷ್ಟು ಹಾಕುತ್ತಿದ್ದರು. ಅಲನ್ ಲೆಕ್ಕ ನೋಡುತ್ತಿದ್ದರು, ಮೇಳದಲ್ಲಿ ಟ್ಯೂಬಾ ಊದುತ್ತಿದ್ದರು.

ಇದರಲ್ಲಿ ಅಪಾಯವೂ ಇತ್ತು. ಆ ಕಾಲದ ಲೂಯಿಸಿಯಾನಾ ರಾಜ್ಯದಲ್ಲಿ ಕಪ್ಪು ಜನ ಮತ್ತು ಬಿಳಿಯರು ಒಂದೇ ಕಡೆ ಬೆರೆತು ಕೂರುವುದು, ಬೆರೆತು ನುಡಿಸುವುದು ಕಾನೂನಿಗೆ ವಿರುದ್ಧ. ಈ ಅಂಗಡಿಯಲ್ಲಿ ಎರಡೂ ನಡೆಯುತ್ತಿತ್ತು. ಒಮ್ಮೆ ಸಾಂಡ್ರಾ ಅವರನ್ನೂ ಟ್ರಂಪೆಟ್ ವಾದಕ ಕಿಡ್ ಥಾಮಸ್ ವ್ಯಾಲೆಂಟೈನ್ ಅವರ ತಂಡದವರನ್ನೂ ಪೊಲೀಸರು ಹಿಡಿದೊಯ್ದದ್ದುಂಟು. ದೇಶದಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು 1964ರಲ್ಲಿ. ಅದಕ್ಕೂ ಮೊದಲೇ ಸೇಂಟ್ ಪೀಟರ್ ಬೀದಿಯ ಈ ಕೋಣೆಯಲ್ಲಿ ಬೆಂಚು ಎಲ್ಲರಿಗೂ ಒಂದೇ ಆಗಿತ್ತು.

ಹಬ್ಬದೂಟದಂತೆ ಬೆರೆತ ಸಂಗೀತ

ಈ ಮುದುಕರು ನುಡಿಸುತ್ತಿದ್ದುದಾದರೂ ಏನು? ಅದಕ್ಕೆ ಊರಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ನ್ಯೂ ಆರ್ಲಿಯನ್ಸನ್ನು 1718ರಲ್ಲಿ ಕಟ್ಟಿದವರು ಫ್ರೆಂಚರು. ನಂತರ ಸ್ಪೇನಿನ ಆಳ್ವಿಕೆ. 1803ರಲ್ಲಿ ಅಮೆರಿಕ ಅದನ್ನು ಕೊಂಡುಕೊಂಡಿತು. ಈ ಎಲ್ಲ ಕಾಲದಲ್ಲೂ ಊರಿನ ಭಾರ ಹೊತ್ತವರು ಆಫ್ರಿಕಾದಿಂದ ತಂದ ಗುಲಾಮರು. ಅವರಿಗೆ ಭಾನುವಾರ ಮಾತ್ರ ಸ್ವಲ್ಪ ಬಿಡುವು. ಅವರು ಸೇರುವುದಿದ್ದರೆ ಒಂದೇ ಜಾಗದಲ್ಲಿ ಸೇರಬೇಕೆಂದು 1817ರಲ್ಲಿ ನಗರಾಡಳಿತ ಕಟ್ಟಳೆ ಮಾಡಿತು. ಆ ಬಯಲೇ ಕಾಂಗೋ ಸ್ಕ್ವೇರ್. ಅಲ್ಲಿ ಡೋಲು ಬಾರಿಸಿ ಕುಣಿದವರ ತಾಳ, ಚರ್ಚಿನ ಹಾಡುಗಳ ಧಾಟಿ, ಸೈನ್ಯದ ಬ್ಯಾಂಡಿನ ಹಿತ್ತಾಳೆ ವಾದ್ಯಗಳು, ಯುರೋಪಿನ ಕುಣಿತದ ಗತ್ತು ಎಲ್ಲವೂ ಕೂಡಿ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಹೊಸದೊಂದು ಸಂಗೀತ ಆಯಿತು. ಬಡ್ಡಿ ಬೋಲ್ಡನ್ ಎಂಬ ಕಾರ್ನೆಟ್ ವಾದಕನನ್ನು ಆ ಊರು ಇಂದಿಗೂ ಮೊದಲ ರಾಜನೆಂದು ನೆನೆಯುತ್ತದೆ. ಆತನ ವಾದನದ ಒಂದು ಧ್ವನಿಮುದ್ರಣವೂ ಉಳಿದಿಲ್ಲ.

ಮೈಸೂರು ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ನೋಡಿದವರಿಗೆ ಇಲ್ಲಿನ ವಾದ್ಯಗಳು ಹೊಸವಲ್ಲ. ಟ್ರಂಪೆಟ್ ಹಾಡಿನ ಮಟ್ಟನ್ನು ಹಿಡಿದು ಮುಂದೆ ನಡೆಯುತ್ತದೆ. ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಸುತ್ತುತ್ತದೆ. ಟ್ರಾಂಬೋನ್ ಕೆಳಗಿನಿಂದ ಉತ್ತರ ಕೊಡುತ್ತದೆ. ಡ್ರಮ್ಮು, ಟ್ಯೂಬಾ, ಬ್ಯಾಂಜೋ ತಾಳಕ್ಕೆ ಆಧಾರ. ಆದರೆ ಪೊಲೀಸ್ ಬ್ಯಾಂಡಿನಲ್ಲಿ ಪ್ರತಿಯೊಬ್ಬರ ಮುಂದೆ ಬರೆದ ಸ್ವರವಿರುತ್ತದೆ. ಇಲ್ಲಿ ಬಹುಪಾಲು ಆ ಕ್ಷಣದ ಕಲ್ಪನೆ. ನಮ್ಮ ಕಛೇರಿಯಲ್ಲಿ ಪಲ್ಲವಿಯ ಸಾಲನ್ನು ಬಿಡದೆ ವಿದ್ವಾಂಸರು ಸ್ವರ ಹಾಕುತ್ತಾರಲ್ಲ, ಹಾಗೆ. ನಮ್ಮಲ್ಲಿ ಒಬ್ಬರ ನಂತರ ಒಬ್ಬರು. ಇಲ್ಲಿ ಮೂವರು ನಾಲ್ವರು ಏಕಕಾಲಕ್ಕೆ ಮನೋಧರ್ಮಕ್ಕೆ ಇಳಿಯುತ್ತಾರೆ. ಆದರೂ ಒಬ್ಬರ ಕಾಲು ಇನ್ನೊಬ್ಬರು ತುಳಿಯುವುದಿಲ್ಲ. ನುಡಿಸುವಷ್ಟೇ ಶ್ರದ್ಧೆಯಿಂದ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದೇ ಇದರ ಗುಟ್ಟು.

ಈ ಎರಡು ಸಂಗೀತಗಳು ಪರಸ್ಪರ ಮಾತಾಡಬಲ್ಲವು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯುಂಟು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಆ ವಿದೇಶಿ ವಾದ್ಯವನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಲು ವರ್ಷಗಟ್ಟಲೆ ದುಡಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ನುಡಿಸಿದಾಗ ಹೊರ ಜಗತ್ತು ಅವರನ್ನು ಗುರುತಿಸಿತು. ಬ್ಯಾಂಡಿನಲ್ಲಿ ಒಂದು ವಾದ್ಯ ಕಿವಿಗೆ ಬಿದ್ದದ್ದು ಒಬ್ಬರ ಇಡೀ ಬಾಳಿನ ದಾರಿಯನ್ನು ಬದಲಿಸಿತು. ಅವರು 2019ರಲ್ಲಿ ತೀರಿಕೊಂಡರು.

ಸಾವಿಗೂ ಸಂಭ್ರಮಕ್ಕೂ ಒಂದೇ ಬ್ಯಾಂಡ್

ನ್ಯೂ ಆರ್ಲಿಯನ್ಸಿನ ಬ್ಯಾಂಡು ವೇದಿಕೆಯಲ್ಲಿ ಹುಟ್ಟಿದ್ದಲ್ಲ. ಕಪ್ಪು ಜನರಿಗೆ ವಿಮೆ ಸಿಗದಿದ್ದ ಕಾಲದಲ್ಲಿ ಅವರು ಕೇರಿಕೇರಿಗಳಲ್ಲಿ ಪರಸ್ಪರ ಸಹಾಯದ ಸಂಘಗಳನ್ನು ಕಟ್ಟಿಕೊಂಡರು. ಸದಸ್ಯರು ಕೊಟ್ಟ ವಂತಿಗೆಯಿಂದ ಕಾಯಿಲೆ ಬಿದ್ದವರಿಗೆ ಔಷಧಿ, ಸತ್ತವರಿಗೆ ಮರ್ಯಾದೆಯ ಮಣ್ಣು. ಆ ಮರ್ಯಾದೆಯಲ್ಲಿ ಬ್ಯಾಂಡೂ ಸೇರಿತ್ತು. ಸ್ಮಶಾನದ ಕಡೆಗೆ ಹೋಗುವಾಗ ನಿಧಾನ ಗತಿಯ ಭಜನೆಯ ಹಾಡು. ಹೆಜ್ಜೆಯೂ ಅಷ್ಟೇ ನಿಧಾನ. ಸತ್ತವರನ್ನು ಬೀಳ್ಕೊಟ್ಟ ಮೇಲೆ ಡ್ರಮ್ಮಿನ ಗತಿ ಬದಲಾಗುತ್ತದೆ, ಟ್ರಂಪೆಟ್ ಮೇಲಕ್ಕೇಳುತ್ತದೆ, ಕೊಡೆ ಕರವಸ್ತ್ರಗಳನ್ನು ಬೀಸುತ್ತಾ ಜನ ಕುಣಿಯುತ್ತಾರೆ. ಬಾಳಿದ ಜೀವಕ್ಕೆ ಅದು ಕೃತಜ್ಞತೆ.

ಮೆರವಣಿಗೆಯಲ್ಲಿ ಮುಂದೆ ನಡೆಯುವ ಮನೆಯವರು, ಸಂಘದವರು ಮತ್ತು ಬ್ಯಾಂಡಿನವರು ಮೊದಲನೇ ಸಾಲು. ಸದ್ದು ಕೇಳಿ ಮನೆಯಿಂದ ಹೊರಬಿದ್ದು ಹಿಂದೆ ಕೂಡಿಕೊಳ್ಳುವವರು ‘ಸೆಕೆಂಡ್ ಲೈನ್’, ಅಂದರೆ ಎರಡನೇ ಸಾಲು. ಈಗ ಭಾನುವಾರದ ಮಧ್ಯಾಹ್ನಗಳಲ್ಲಿ ಸಂಘಗಳು ನಡೆಸುವ ಮೆರವಣಿಗೆಗೂ ಅದೇ ಹೆಸರು. ಕಡು ಬೇಸಿಗೆಯ ಕೆಲವು ವಾರ ಬಿಟ್ಟರೆ ವರ್ಷದ ಬಹುಪಾಲು ಭಾನುವಾರ ಒಂದಲ್ಲ ಒಂದು ಕೇರಿಯಲ್ಲಿ ಅದು ನಡೆಯುತ್ತದೆ. ಎರಡನೇ ಸಾಲಿಗೆ ಟಿಕೆಟ್ಟಿಲ್ಲ, ಆಹ್ವಾನವೂ ಬೇಕಿಲ್ಲ.

ಶಾಲೆ ಬೇಡವೆಂದ ಸಂಗೀತ

ತಂದೆತಾಯಿಗಳು ಕೇಳಬೇಕಾದ ಕತೆಯೊಂದಿದೆ. 1912ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಗದ್ದಲದಲ್ಲಿ ಹನ್ನೊಂದು ವರ್ಷದ ಬಡ ಹುಡುಗನೊಬ್ಬ ಬೀದಿಯಲ್ಲಿ ಪಿಸ್ತೂಲು ಹಾರಿಸಿದ. ಪೊಲೀಸರು ಹಿಡಿದು ಕಪ್ಪು ಹುಡುಗರ ಸುಧಾರಣಾ ಮನೆಗೆ ಕಳಿಸಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಅವನ ಕೈಗೆ ಕಾರ್ನೆಟ್ ಕೊಟ್ಟರು, ಬ್ಯಾಂಡಿಗೆ ನಾಯಕನನ್ನಾಗಿ ಮಾಡಿದರು. ಆ ಹುಡುಗನೇ ಲೂಯಿ ಆರ್ಮ್‌ಸ್ಟ್ರಾಂಗ್. ಜಾಝ್ ಎಂದರೆ ಜಗತ್ತಿಗೆ ಮೊದಲು ನೆನಪಾಗುವ ಹೆಸರು.

ಆರ್ಮ್‌ಸ್ಟ್ರಾಂಗ್ ಊರು ಬಿಟ್ಟು ಷಿಕಾಗೋಗೆ ರೈಲು ಹತ್ತಿದ್ದು 1922ರಲ್ಲಿ. ಅದೇ ವರ್ಷದ ಮಾರ್ಚಿನಲ್ಲಿ ನ್ಯೂ ಆರ್ಲಿಯನ್ಸಿನ ಶಾಲಾ ಮಂಡಳಿ ಸರಕಾರಿ ಶಾಲೆಗಳಲ್ಲಿ ಜಾಝ್ ಸಂಗೀತವನ್ನೂ ಕುಣಿತವನ್ನೂ ನಿಷೇಧಿಸಿ ನಿರ್ಣಯ ಮಾಡಿತು. ಮಕ್ಕಳು ಕೆಟ್ಟುಹೋಗುತ್ತಾರೆಂಬ ಹೆದರಿಕೆ. ಅದೃಷ್ಟಕ್ಕೆ ಶಾಲೆಯ ಬ್ಯಾಂಡ್ ಮೇಷ್ಟ್ರುಗಳು ಆ ನಿರ್ಣಯಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ತಲೆಮಾರುಗಳ ಕಾಲ ಅವರೇ ಈ ಸಂಗೀತವನ್ನು ಮಕ್ಕಳಿಗೆ ದಾಟಿಸಿದರು. ಸರಿಯಾಗಿ ನೂರು ವರ್ಷದ ಬಳಿಕ, 2022ರ ಮಾರ್ಚಿನಲ್ಲಿ ಶಾಲಾ ಮಂಡಳಿ ಆ ಹಳೆಯ ನಿರ್ಣಯವನ್ನು ರದ್ದುಪಡಿಸಿತು.

ಈ ದಾಟಿಸುವ ಕೆಲಸ ಶಾಲೆಯ ಹೊರಗೂ ನಡೆಯಿತು. ಬ್ಯಾಂಜೋ ವಾದಕ ಡ್ಯಾನಿ ಬಾರ್ಕರ್ ಹಲವು ವರ್ಷ ನ್ಯೂಯಾರ್ಕಿನಲ್ಲಿದ್ದು 1965ರಲ್ಲಿ ಹುಟ್ಟೂರಿಗೆ ಮರಳಿದರು. ಬೀದಿ ಬ್ಯಾಂಡುಗಳಲ್ಲಿ ಮುದುಕರೇ ಉಳಿದಿದ್ದರು. ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅವರು ಹುಡುಗರ ಬ್ಯಾಂಡ್ ಕಟ್ಟಿದರು. ಅದರಿಂದ ಬಂದವರು 1977ರಲ್ಲಿ ಡರ್ಟಿ ಡಜನ್ ಬ್ರಾಸ್ ಬ್ಯಾಂಡ್ ಮಾಡಿಕೊಂಡರು. ಬಾಲಕನಾಗಿ ಅಲ್ಲಿ ಊದಿದ ವಿಂಟನ್ ಮಾರ್ಸಾಲಿಸ್ ಮುಂದೆ, 1997ರಲ್ಲಿ, ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಜಾಝ್ ಸಂಗೀತಗಾರರಾದರು. 1983ರಲ್ಲಿ ಟ್ರೆಮೆ ಬಡಾವಣೆಯ ಜೋಸೆಫ್ ಕ್ಲಾರ್ಕ್ ಹೈಸ್ಕೂಲಿನ ಹುಡುಗರು ರೀಬರ್ತ್ ಬ್ರಾಸ್ ಬ್ಯಾಂಡ್ ಕಟ್ಟಿದರು. ಹಳೇಪೇಟೆಯ ಮೂಲೆಯಲ್ಲಿ ಚಿಲ್ಲರೆಗಾಗಿ ನುಡಿಸುತ್ತಿದ್ದ ಆ ತಂಡಕ್ಕೆ 2012ರಲ್ಲಿ ಗ್ರ್ಯಾಮಿ ಬಂತು.

ಇಬ್ಬಗೆಯ ಹೊಸಬರು

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಡಿಯಿತು. ತಡೆಗೋಡೆಗಳು ಒಡೆದು ನಗರದ ಸುಮಾರು ಶೇಕಡಾ 80ರಷ್ಟು ಭಾಗ ಮುಳುಗಿತು. ಎತ್ತರದಲ್ಲಿದ್ದ ಹಳೇಪೇಟೆ ಬಹುಮಟ್ಟಿಗೆ ಉಳಿದುಕೊಂಡಿತು. ಆದರೆ ಅಲ್ಲಿ ನುಡಿಸುತ್ತಿದ್ದವರ ಮನೆಗಳಿದ್ದದ್ದು ತಗ್ಗಿನ ಕೇರಿಗಳಲ್ಲಿ. ಮನೆ ಹೋಯಿತು, ವಾದ್ಯ ಹೋಯಿತು, ಜನ ಹೂಸ್ಟನ್, ಅಟ್ಲಾಂಟಾ ಎಂದು ಚದುರಿದರು. ಪ್ರಿಸರ್ವೇಷನ್ ಹಾಲಿನ ಬಾಗಿಲು ಮತ್ತೆ ತೆರೆದದ್ದು 2006ರ ವಸಂತದಲ್ಲಿ. ಅಷ್ಟು ಹೊತ್ತಿಗೆ ಅದನ್ನು ನಡೆಸುತ್ತಿದ್ದವರು ಅಲನ್ ಜಾಫೆಯವರ ಮಗ ಬೆನ್. ಅಲನ್ 1987ರಲ್ಲಿ ತೀರಿಕೊಂಡಿದ್ದರು. ಆ ಬ್ಯಾಂಡಿನ ಹಿರಿಯರ ನಡುವೆಯೇ ಬೆಳೆದ ಬೆನ್ 1993ರಲ್ಲಿ ಕಾಲೇಜು ಮುಗಿಸಿದ ಕೂಡಲೇ ಜವಾಬ್ದಾರಿ ಹೊತ್ತರು. ತಂದೆಯಂತೆ ಅವರೂ ಟ್ಯೂಬಾ ಊದುತ್ತಾರೆ. ಸಾಂಡ್ರಾ 2021ರ ಕೊನೆಯಲ್ಲಿ ಹೋದರು.

ನೀರು ಇಳಿದ ಮೇಲೆ ಇನ್ನೊಂದು ಬಗೆಯ ತೊಂದರೆ ಬಂತು. ಹಳೆಯ ಬಡಾವಣೆಗಳಲ್ಲಿ ಬಾಡಿಗೆ ಏರಿತು; ಹಣವುಳ್ಳ ಹೊಸಬರು ಬಂದು ನೆಲೆಸಿದರು. ಊರಿನ ಅಂದಕ್ಕೆ ಮರುಳಾಗಿ ಬಂದವರಿಗೂ ಕಿಟಕಿಯ ಕೆಳಗಿನ ಡ್ರಮ್ಮು ಕೆಲವೊಮ್ಮೆ ಗದ್ದಲವಾಗಿ ಕೇಳುತ್ತದೆ. 2007ರ ಅಕ್ಟೋಬರಿನಲ್ಲಿ ಟ್ರೆಮೆಯಲ್ಲಿ ತೀರಿಕೊಂಡ ಟ್ಯೂಬಾ ವಾದಕರೊಬ್ಬರ ನೆನಪಿಗೆ ಗೆಳೆಯರು ನುಡಿಸುತ್ತಾ ಹೊರಟಿದ್ದರು. ಪೊಲೀಸರು ನಡುವೆಯೇ ನಿಲ್ಲಿಸಿದರು. ಪರವಾನಗಿಯಿಲ್ಲದ ಮೆರವಣಿಗೆ, ಶಾಂತಿಭಂಗ ಎಂದು ಇಬ್ಬರು ವಾದ್ಯಗಾರರನ್ನು ಬಂಧಿಸಿದರು. ಮರುದಿನ ಜನ ಪರವಾನಗಿ ಪಡೆದು ಅದೇ ಬೀದಿಯಲ್ಲಿ ಮತ್ತೆ ನಡೆದರು.

ಒಂದು ಊರಿಗೆ ಬರುವ ಹೊಸಬರಲ್ಲಿ ಎರಡು ಬಗೆ ಎಂದು ಇದರಿಂದ ತಿಳಿಯುತ್ತದೆ. ಕಿಟಕಿ ಮುಚ್ಚಿಕೊಳ್ಳುವವರು ಒಂದು ಬಗೆ. ಚಪ್ಪಲಿ ಮೆಟ್ಟಿ ಕೆಳಗಿಳಿಯುವವರು ಇನ್ನೊಂದು ಬಗೆ. ಜಾಫೆ ದಂಪತಿ ಎರಡನೆಯವರು. ಅವರಿಂದ ಊರಿಗೆ ಉಪಕಾರವಾಯಿತು, ಊರು ಅವರಿಗೆ ಮನೆಯಾಯಿತು. ಹಾಗೆಂದು ಹೊಸಬರು ಬಂದು ಕಾಪಾಡಲೆಂದು ಊರಿನವರು ಕೈಕಟ್ಟಿ ಕೂತಿಲ್ಲ. ರೀಬರ್ತ್ ತಂಡದ ಡ್ರಮ್ಮರ್ ಡೆರಿಕ್ ಟ್ಯಾಬ್ ಮತ್ತು ಜೊತೆಗಾರರು 2007ರಲ್ಲಿ ‘ರೂಟ್ಸ್ ಆಫ್ ಮ್ಯೂಸಿಕ್’ ಶುರು ಮಾಡಿದರು. ಸಂಜೆ ಶಾಲೆ ಬಿಟ್ಟ ಮೇಲೆ ಬಡ ಮಕ್ಕಳಿಗೆ ಅಲ್ಲಿ ವಾದ್ಯ, ಪಾಠ, ಊಟ ಎಲ್ಲವೂ ಉಚಿತ. ವಾದ್ಯದ ಜೊತೆ ಶಾಲೆಯ ಪಾಠವನ್ನೂ ಹೇಳಿಕೊಡುತ್ತಾರೆಂಬುದು ಗಮನಿಸಬೇಕಾದ ಅಂಶ.

ಹೋಗುವವರಿಗೆ

ಓದಲೆಂದು ಈ ಊರಿಗೆ ಹೋಗುವ ವಿದ್ಯಾರ್ಥಿ ತನ್ನ ಬ್ಯಾಂಡನ್ನು ಹುಡುಕುವುದು ಹೇಗೆ? ಟ್ಯುಲೇನ್ ಮತ್ತು ಲೊಯೊಲಾ ವಿಶ್ವವಿದ್ಯಾಲಯಗಳೆರಡೂ ಸೇಂಟ್ ಚಾರ್ಲ್ಸ್ ಅವೆನ್ಯೂ ಮೇಲಿವೆ. ಅವುಗಳ ಮುಂದೆಯೇ 1835ರಷ್ಟು ಹಳೆಯ ಟ್ರಾಮ್ ಮಾರ್ಗವಿದೆ. ಅದನ್ನು ಹತ್ತಿದರೆ ಹಳೇಪೇಟೆಯ ಅಂಚಿಗೆ ಬಿಡುತ್ತದೆ. ಪ್ರವಾಸಿಗಳು ನುಗ್ಗುವ ಬರ್ಬನ್ ಬೀದಿಗಿಂತ ಅದರಾಚೆಯ ಫ್ರೆಂಚ್‌ಮೆನ್ ಬೀದಿಯಲ್ಲಿ ಸಂಗೀತ ಹೆಚ್ಚು. ಡಬ್ಲ್ಯು.ಡಬ್ಲ್ಯು.ಓ.ಝಡ್ ಎಂಬ ಸಮುದಾಯ ರೇಡಿಯೊ 1980ರಿಂದ ನಡೆಯುತ್ತಿದೆ. ಆ ದಿನ ಎಲ್ಲೆಲ್ಲಿ ಯಾರ ಕಛೇರಿಯೆಂದು ಅದು ಹೇಳುತ್ತಿರುತ್ತದೆ. ಜಾಕ್ಸನ್ ಚೌಕದಲ್ಲಿ ಹಗಲಿನಲ್ಲೇ ಬೀದಿ ಬ್ಯಾಂಡುಗಳು ಸಿಗುತ್ತವೆ. ಕೇಳಿ ನಿಂತವರು ಮುಂದಿಟ್ಟ ಡಬ್ಬಿಗೆ ಒಂದೆರಡು ಡಾಲರ್ ಹಾಕುವುದು ಪದ್ಧತಿ. ಅದು ಭಿಕ್ಷೆಯಲ್ಲ, ಕಛೇರಿಯ ಸಂಭಾವನೆ.

ಕುಡಿತದ ಜಾಗಗಳಿಗೆ ಮಗ ಹೋದಾನೆಂಬ ಅಂಜಿಕೆ ತಾಯಂದಿರಿಗಿದ್ದರೆ ಪ್ರಿಸರ್ವೇಷನ್ ಹಾಲ್ ಇದೆ. ಅದು ಎಲ್ಲ ವಯಸ್ಸಿನವರಿಗೂ ತೆರೆದ ಜಾಗ. ಶುರುವಿನಿಂದಲೂ ಅಲ್ಲಿ ಮದ್ಯದ ವ್ಯಾಪಾರಕ್ಕೆ ಎಡೆಯಿರಲಿಲ್ಲ. ದಶಕಗಳ ಕಾಲ ಏರ್‌ಕಂಡಿಷನ್ ಕೂಡ ಇರಲಿಲ್ಲ. ಕೆಲವು ಬೆಂಚು, ನೆಲದ ಮೇಲೆ ಮೆತ್ತೆ, ಕೈಗೆಟುಕುವ ದೂರದಲ್ಲಿ ಟ್ರಾಂಬೋನು. ನೆಚ್ಚಿನ ಹಾಡು ಕೇಳಬೇಕಾದರೆ ದುಡ್ಡು ಕೊಡಬೇಕೆಂದು ಗೋಡೆಯ ಮೇಲೆ ಫಲಕವೊಂದಿತ್ತು. ಎಲ್ಲರೂ ಕೇಳುವ ಒಂದೇ ಹಾಡನ್ನು ನುಡಿಸಿ ನುಡಿಸಿ ವಾದ್ಯಗಾರರಿಗೆ ಸಾಕಾಗಿತ್ತಂತೆ. ಅದಕ್ಕೆ ಎಲ್ಲಕ್ಕಿಂತ ಹೆಚ್ಚಿನ ದರ!

ಭಾನುವಾರದ ಮೆರವಣಿಗೆಗೆ ಹೋಗುವವರು ಕೆಲವು ಮರ್ಯಾದೆ ತಿಳಿದಿರಬೇಕು. ಒಬ್ಬರೇ ಹೋಗುವ ಬದಲು ಊರು ಬಲ್ಲವರ ಜೊತೆ ಹೋಗುವುದು ಲೇಸು. ಬ್ಯಾಂಡಿನವರ ನಡುವೆ ನುಗ್ಗಬಾರದು. ಕ್ಯಾಮೆರಾ ಹಿಡಿದು ಅಡ್ಡ ನಿಲ್ಲಬಾರದು. ಮುಂದೆ ನಡೆಯುವವರಲ್ಲಿ ಮೊನ್ನೆ ಮೊನ್ನೆ ತಮ್ಮವರನ್ನು ಕಳೆದುಕೊಂಡವರಿರಬಹುದೆಂಬ ನೆನಪಿರಬೇಕು. ಕುಡಿಯುವ ನೀರು ಕೈಯಲ್ಲಿರಲಿ. ಅಲ್ಲಿನ ಸೆಕೆ ಮಂಗಳೂರಿನ ಸೆಕೆಗೆ ಕಡಿಮೆಯೇನಿಲ್ಲ. ಕುಣಿಯಲು ಬಾರದಿದ್ದರೆ ನಡೆದರೂ ಸಾಕು.

ಮೊದಲ ವಾರ ಅದು ಯಾವುದೋ ಬ್ಯಾಂಡು. ನಾಲ್ಕನೇ ವಾರಕ್ಕೆ ಟ್ರಂಪೆಟ್ ಊದುವವರ ಮುಖ ಗುರುತಾಗುತ್ತದೆ. ಒಂದು ದಿನ ಅವರು ತಲೆಯಾಡಿಸಿ ನಗುತ್ತಾರೆ. ಆಮೇಲೊಂದು ಭಾನುವಾರ ಮನೆಗೆ ಫೋನು ಮಾಡಿದಾಗ ಈ ಕಡೆಯಿಂದ ಅಮ್ಮ ಕೇಳುತ್ತಾಳೆ: ‘ಏನೋ ಅದು ಹಿಂದುಗಡೆ ಗಲಾಟೆ?’

‘ನಮ್ಮ ಬೀದಿ ಬ್ಯಾಂಡಮ್ಮ’ ಎಂಬ ಉತ್ತರ ತಾನಾಗಿ ಬಾಯಿಗೆ ಬಂದರೆ ತಾಯಿ ಚಿಂತೆ ಬಿಡಬಹುದು. ಮಗನಿಗೆ ಊರು ಸಿಕ್ಕಿದೆ.